ಲಗ್ಗೆರೆ ಅಂಕಣದ ಹಿಡಿ ಮಣ್ಣು

ನಿಮ್ಮ ಯಜಮಾನರು ಏನು ಕೆಲಸದಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ, “ಸುಣ್ಣ ಎಳೀತಾರೆ,” ಎನ್ನುತ್ತಿದ್ದಳು. ಕೇಳಿದವರು ನಾನು ಪೇಂಟರ್ ಎಂದುಕೊಂಡು ತಮ್ಮ ಮನೆ ಗೋಡೆಯ ವಿಚಾರ ಎತ್ತುತ್ತಿದ್ದರು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪಶ್ಚಿಮ ಬೆಂಗಳೂರಿನ ಬಡಾವಣೆಗಳೆಲ್ಲ ಸೇರಿ ನಡೆಸುತ್ತಿದ್ದ ಒಂದು ಕಬಡ್ಡಿ ಲೀಗಿಗೆ ನಾನು ಸಂಬಳದ ಮ್ಯಾನೇಜರ್ ಆಗಿದ್ದೆ. ವಿಜಯನಗರದ ಒಂದು ಹೋಟೆಲಿನ ಮಹಡಿಯಲ್ಲಿ ನಮ್ಮ ಕಚೇರಿ. ಒಂದು ಮೇಜು, ಒಂದು ಬೀರು, ಒಂದು ಫೋನು, ಕೆಳಗಿನಿಂದ ಹಗಲೆಲ್ಲ ಬರುವ ಸಾಂಬಾರಿನ ವಾಸನೆ, ಇಷ್ಟೇ ಅದರ ಆಸ್ತಿ. ಪಂದ್ಯದ ದಿನ ಅಂಕಣಕ್ಕೆ ನೀರು ಹೊಡೆಸುವುದು, ಗೆರೆಗಳಿಗೆ ಸುಣ್ಣ ಎಳೆಯುವುದು, ಆಟಗಾರರ ತೂಕ ನೋಡುವುದು, ರೆಫರಿಗೆ ಊಟ ತರಿಸುವುದು, ಸೋತವರ ಕಡೆಯವರಿಂದ ಬೈಸಿಕೊಳ್ಳುವುದು ಎಲ್ಲವೂ ನನ್ನ ಪಾಲಿನದು.

ಈಚೆಗೆ ಈ ಕೆಲಸಕ್ಕೆ ಓದಿಕೊಂಡು ಬರುವವರಿದ್ದಾರೆ. ಕ್ರೀಡಾ ನಿರ್ವಹಣೆ ಎಂದು ಕೋರ್ಸೇ ಇದೆಯಂತೆ. ಅದನ್ನು ಓದುತ್ತಿರುವ ಇಬ್ಬರು ಮಾರೇನಹಳ್ಳಿಯ ನಮ್ಮ ಮನೆಗೆ ಬಂದು, ಆಟಗಾರರಿಗೆ ವಿಪರೀತ ಸಂಬಳ ಕೊಡುವ ತಂಡದ ಮೇಲೆ ತೆರಿಗೆ ಹಾಕಿದರೆ ಆಟ ನ್ಯಾಯವಾಗಿ ನಡೆಯುತ್ತದೆಯೇ ಎಂದು ಕೇಳಿದರು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಹಾಗೊಂದು ತೆರಿಗೆ ಇದೆ, ಪಾಠದಲ್ಲಿ ಬಂದಿದೆ ಎಂದರು. ನನಗೆ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ಆ ತೆರಿಗೆಯನ್ನು ಎರಡು ಸಾವಿರದ ದಶಕದಲ್ಲಿ ನಾವು ಇಲ್ಲಿಯೇ, ಈ ಕೆಮ್ಮಣ್ಣಿನ ಅಂಕಣಗಳ ಮೇಲೆ ಹಾಕಿ ನೋಡಿದ್ದೆವು. ಅವತ್ತು ಕಾಫಿ ಕುಡಿಯುತ್ತ ಹೇಳಿ ಮುಗಿಸುವಂಥ ಸಂಗತಿ ಅದಾಗಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನನ್ನ ಪೆದ್ದುತನದ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಕಬಡ್ಡಿಯಲ್ಲಿ ಇಂತಿಷ್ಟು ತೂಕ ಮೀರಿದವರು ಆಡುವಂತಿಲ್ಲ. ನಾನು ಹೊಸಬನಿದ್ದಾಗ ಒಂದು ಗುಜರಿ ಅಂಗಡಿಯಿಂದ ತೂಕದ ಯಂತ್ರ ತರಿಸಿ ಮೈದಾನದ ಅಂಚಿನಲ್ಲಿ ಇಟ್ಟೆ. ಅದು ಅಲ್ಲಾಡುತ್ತಿತ್ತೆಂದು ಒಂದು ಕಾಲಿನ ಕೆಳಗೆ ಇಟ್ಟಿಗೆ ಚೂರು ಸಿಕ್ಕಿಸಿದೆ. ಅವತ್ತು ಹತ್ತಿದವರೆಲ್ಲ ದಪ್ಪಗಾಗಿಬಿಟ್ಟಿದ್ದರು. ಕೆಂಗೇರಿ ತಂಡದಲ್ಲಿ ಎದುರಾಳಿಯನ್ನು ಹಿಡಿಯುವ ಒಬ್ಬ ಕ್ಯಾಚರು ತೂಕ ಇಳಿಸಲೆಂದು ಉರಿಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಮೈದಾನ ಸುತ್ತಿದ, ಉಗುಳಿ ಉಗುಳಿ ಬಾಯಿ ಒಣಗಿಸಿಕೊಂಡ, ಕೊನೆಗೆ ತಲೆ ಸುತ್ತಿ ಬಿದ್ದ. ಮುಖಕ್ಕೆ ನೀರು ಹೊಡೆದು ಕೂರಿಸಿದ ಮೇಲೆ ರೆಫರಿ ಬಂದು ಇಟ್ಟಿಗೆ ಚೂರನ್ನು ತೋರಿಸಿದರು. ತೂಗುವ ಮುಂಚೆ ಯಂತ್ರದ ಕೆಳಗಿನ ನೆಲ ನೋಡಬೇಕು ಎಂಬ ಬುದ್ಧಿ ನನಗೆ ಅವತ್ತು ಬಂತು. ಬಂದದ್ದು ಯಂತ್ರದ ಮಟ್ಟಿಗೆ ಮಾತ್ರ ಎಂದು ಆಮೇಲೆ ಗೊತ್ತಾಯಿತು.

ನನ್ನ ಮೇಲಿನವರು, ಅಂದರೆ ಲೀಗಿನ ಅಧ್ಯಕ್ಷರು, ರಾಯರು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಮೈಮೇಲೆ ಮಣ್ಣು ಮೆತ್ತಿಕೊಂಡು ಆಡಿದವರಲ್ಲ, ಆದರೆ ಆಟ ನೋಡಲು ಕೂತರೆ ಕಣ್ಣು ಮಿಟುಕಿಸುತ್ತಿರಲಿಲ್ಲ. ಲೀಗಿನ ಖರ್ಚಿನಲ್ಲಿ ಒಂದು ಲೋಟ ಕಾಫಿಯನ್ನೂ ಕುಡಿದವರಲ್ಲ. ಅಂಥ ಮೇಲಧಿಕಾರಿ ಸಿಗುವುದು ಪುಣ್ಯ. ಇದನ್ನು ಮೊದಲೇ ಹೇಳುತ್ತಿರುವುದೇಕೆಂದರೆ, ಮುಂದೆ ನಡೆದದ್ದರಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಲೀಗಿನ ದೊಡ್ಡ ತಂಡ ಬಸವೇಶ್ವರನಗರದ್ದು. ಅದರ ಯಜಮಾನರು ಕೃಷ್ಣಪ್ಪನವರು, ಅನ್ನಪೂರ್ಣೇಶ್ವರಿ ನಗರದ ಕಡೆ ಲೇಔಟ್ ಮಾಡಿ ದುಡ್ಡು ಕಂಡವರು. ಕಬಡ್ಡಿ ಎಂದರೆ ಪ್ರಾಣ. ಒಳ್ಳೆಯ ಆಟಗಾರ ಕಣ್ಣಿಗೆ ಬಿದ್ದರೆ ಸಾಕು, ಅವನು ತಮ್ಮ ತಂಡದಲ್ಲಿ ಇರಲೇಬೇಕು. ಬಡ ತಂಡ ಲಗ್ಗೆರೆಯದು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರು ಶಿಫ್ಟಿಗೆ ಹೋಗುವ ಮುಂಚೆ ಅಲ್ಲಿ ಆಡುತ್ತಿದ್ದರು. ಆ ತಂಡದ ಹಿರಿಯ ಹನುಮಂತಣ್ಣ. ಗೇಟು, ಕಿಟಕಿ ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿಯ ಎದುರಿನ ಖಾಲಿ ಸೈಟನ್ನು ಬಾಡಿಗೆಗೆ ಹಿಡಿದು, ಕೆಮ್ಮಣ್ಣು ಜರಡಿ ಮಾಡಿ, ಮರದ ಹೊಟ್ಟು ಬೆರೆಸಿ ಅಂಕಣ ಮಾಡಿದ್ದರು. ಬಿದ್ದರೆ ಮೈ ತರಚುತ್ತಿರಲಿಲ್ಲ. ಬೆಂಗಳೂರಿನಲ್ಲಿ ಅಂಥ ಹದದ ಅಂಕಣ ನಾನು ಇನ್ನೊಂದು ನೋಡಿಲ್ಲ. ಬಾಡಿಗೆಯನ್ನು ಆಟಗಾರರ ಮನೆಯವರು, ಬೀದಿಯ ಅಂಗಡಿಯವರು ಕೈಲಾದಷ್ಟು ಹಾಕಿ ತೀರಿಸುತ್ತಿದ್ದರು.

ನಮ್ಮ ತಂಡಗಳ ನಡುವೆ ಒಂದು ಪದ್ಧತಿ ಇತ್ತು. ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಅದಕ್ಕೆ ಮಣ್ಣು ಕೇಳುವುದು ಎನ್ನುತ್ತಿದ್ದರು. ಬೇರೆ ತಂಡದ ಆಟಗಾರ ಬೇಕೆಂದರೆ, ಬೇಕೆಂದವರ ಕಡೆಯ ಹಿರಿಯರು ಬೆಳಗಿನ ಅಭ್ಯಾಸದ ಹೊತ್ತಿಗೆ ಆ ಅಂಕಣಕ್ಕೇ ಹೋಗಬೇಕು. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಚಪ್ಪಲಿ ಬಿಟ್ಟು ಗೆರೆಯ ಆಚೆಗೇ ನಿಂತು ಎಲ್ಲರ ಎದುರು ಕೇಳಬೇಕು. ಅಂಕಣದ ಹಿರಿಯರು ಒಪ್ಪಿದರೆ ಒಂದು ಹಿಡಿ ಮಣ್ಣನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಹೊಸ ತಂಡದವರು ಅದನ್ನು ತಮ್ಮ ಅಂಕಣದಲ್ಲಿ ಚೆಲ್ಲಿದ ಮೇಲೆ ಹುಡುಗ ಅಲ್ಲಿ ಕಾಲಿಡುತ್ತಿದ್ದ. ಒಪ್ಪದಿದ್ದರೆ ಕಾಫಿ ಕೊಟ್ಟು ಕಳಿಸುತ್ತಿದ್ದರು. ಅದಕ್ಕೆ ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ.

ಕೃಷ್ಣಪ್ಪನವರೂ ಹೀಗೆ ಕೇಳಿದವರೇ. ಲಗ್ಗೆರೆಯಲ್ಲಿ ಬಸವರಾಜ ಎಂಬ ರೈಡರ್ ಇದ್ದ. ಬಾಗಲಕೋಟೆ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವನು ಬೀದಿಯಲ್ಲಿ ಓಡುವುದನ್ನು ನೋಡಿ ಹನುಮಂತಣ್ಣ ಅವನನ್ನು ಅಂಕಣಕ್ಕೆ ಎಳೆದು ತಂದಿದ್ದರು. ಅವನು ಗೆರೆ ದಾಟಿ ಹೋದರೆ ಎದುರಿನವರು ಹಿಂದೆ ಹಿಂದೆ ಸರಿಯುತ್ತಿದ್ದರು. ಅವನಿಗಾಗಿ ಕೃಷ್ಣಪ್ಪನವರು ತಟ್ಟೆ ಹಿಡಿದು ಹೋದಾಗ ನಾನೂ ಅಲ್ಲಿದ್ದೆ.

“ಹುಡುಗ ಇನ್ನೂ ಮಾಗಿಲ್ಲ ಸಾರ್. ಇನ್ನೊಂದೆರಡು ವರ್ಷ ನಮ್ಮ ಹತ್ರಾನೇ ಇರ್ಲಿ,” ಎಂದರು ಹನುಮಂತಣ್ಣ.

“ಆಯ್ತು ಬಿಡಿ. ಮಾಗಿದ್ಮೇಲೆ ನಾನೇ ಬರ್ತೀನಿ. ಬೇರೆ ಯಾರಿಗೂ ಕೊಡ್ಬೇಡಿ ಮತ್ತೆ,” ಎಂದು ಕೃಷ್ಣಪ್ಪನವರು ನಕ್ಕು, ಅಲ್ಲೇ ಕಲ್ಲಿನ ಮೇಲೆ ಕೂತು ಕಾಫಿ ಕುಡಿದು ಕಾರು ಹತ್ತಿದರು. ಅಷ್ಟು ದುಡ್ಡಿದ್ದ ಮನುಷ್ಯನನ್ನು ಹಾಗೆ ವಾಪಸು ಕಳಿಸುವ ಶಕ್ತಿ ಇದ್ದದ್ದು ಆ ಪದ್ಧತಿಗೆ ಮಾತ್ರ. ಅದು ನನಗೆ ಅವತ್ತು ಹೊಳೆಯಲಿಲ್ಲ.

ಆದರೂ ಊರೆಲ್ಲ ಸುತ್ತಿ ಕೇಳಿ ಕೇಳಿ ಕೃಷ್ಣಪ್ಪನವರು ಬಲವಾದ ತಂಡವನ್ನೇ ಕಟ್ಟಿದ್ದರು. ಪ್ರತಿ ವರ್ಷವೂ ಗೆಲುವಿನ ಕಪ್ಪು ಅವರದೇ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದ್ದರೆ ಕಡಲೆಕಾಯಿ ಮಾರುವವನೂ ಬರುವುದಿಲ್ಲ. ಜನ ಅರ್ಧ ಆಟಕ್ಕೇ ಎದ್ದು ಹೋಗತೊಡಗಿದರು. ರಾಯರಿಗೆ ಇದು ಚಿಂತೆಯಾಯಿತು. ಒಂದು ದಿನ ಲೈಬ್ರರಿಯಿಂದ ನೇರವಾಗಿ ಕಚೇರಿಗೆ ಬಂದು ಕುಳಿತರು.

“ನಾಗರಾಜ್, ಬೇಸ್‌ಬಾಲ್ ಅಂತ ಕೇಳಿದ್ದೀರಾ? ಅಲ್ಲೂ ಇದೇ ರೋಗ ಇತ್ತಂತೆ ಕಣ್ರೀ. ಅದಕ್ಕೆ ಒಂದು ಮಿತಿ ಹಾಕಿದ್ದಾರೆ. ಆಟಗಾರರ ಸಂಬಳ ಆ ಮಿತಿ ದಾಟಿದರೆ ತಂಡ ತೆರಿಗೆ ಕಟ್ಟಬೇಕು. ನಾವೂ ಯಾಕೆ ಮಾಡಬಾರದು?”

ಬೇಸ್‌ಬಾಲ್ ನನಗೆ ಎಲ್ಲಿ ಗೊತ್ತಿರಬೇಕು. ಆದರೆ ಅವರು ಬಿಡಿಸಿ ಹೇಳಿದ ಮೇಲೆ ನ್ಯಾಯ ಎನಿಸಿತು. ಪ್ರತಿ ತಂಡವೂ ಆಟಗಾರರಿಗೆ ಕೊಡುವ ಸಂಬಳದ ಮೊತ್ತವನ್ನು ಲೀಗಿಗೆ ತಿಳಿಸಬೇಕು. ನಾವು ಗೊತ್ತುಮಾಡಿದ ಮಿತಿಯನ್ನು ದಾಟಿ ಎಷ್ಟು ಕೊಡುತ್ತಾರೋ ಅದರ ಅರ್ಧದಷ್ಟನ್ನು ಲೀಗಿಗೆ ಕಟ್ಟಬೇಕು. ಹಾಗೆ ಬಂದದ್ದನ್ನು ಮಿತಿಯೊಳಗೆ ಇರುವ ತಂಡಗಳಿಗೆ ಲೀಗು ಸಮನಾಗಿ ಹಂಚುತ್ತದೆ. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಎಂಬ ಮಾತೇ ಬರುವುದಿಲ್ಲ ಎಂದರು ರಾಯರು.

ಸಭೆಯಲ್ಲಿ ಕೃಷ್ಣಪ್ಪನವರು ಜಗಳ ತೆಗೆಯುತ್ತಾರೆಂದು ನಾವು ಹೆದರಿದ್ದೆವು. ಅವರು, “ಹಾಕಿ ಸಾರ್, ಎಲ್ರಿಗೂ ಒಂದೇ ರೂಲು ತಾನೇ,” ಎಂದುಬಿಟ್ಟರು. ತಕರಾರು ಬಂದದ್ದು ಹನುಮಂತಣ್ಣನಿಂದ.

“ಅವ್ರಿಂದ ತಗೊಂಡು ನಮಗ್ಯಾಕೆ ಸಾರ್ ಕೊಡೋದು? ನಮ್ಮ ಹುಡುಗ್ರನ್ನ ನಾವು ಹೆಂಗೋ ನೋಡ್ಕೋತಾ ಇದೀವಿ.”

ಬೇಡವೆನ್ನುವವರನ್ನು ಒಪ್ಪಿಸುವುದೂ ಮ್ಯಾನೇಜರನ ಕೆಲಸ. ಸ್ಕೂಟರಿನಲ್ಲಿ ಲಗ್ಗೆರೆಗೆ ಹೋಗಿ, ಅಂಗಡಿಯಲ್ಲಿ ಕಬ್ಬಿಣದ ಚೂರುಗಳ ನಡುವೆ ಕೂತು, ಇದು ದಾನವಲ್ಲ, ನಿಮ್ಮ ಹಕ್ಕು ಎಂದು ಹೇಳಿ ಹೇಳಿ ಹನುಮಂತಣ್ಣ ತಲೆ ಆಡಿಸುವಂತೆ ಮಾಡಿದೆ. ಆ ತಲೆ ಆಡಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮೇಲಿನ ವಿಶ್ವಾಸಕ್ಕೆ ಒಪ್ಪಿದರೇ ಹೊರತು ಮಾತಿಗೆ ಒಪ್ಪಿದ್ದಲ್ಲ.

ಮೊದಲ ವರ್ಷ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಕೃಷ್ಣಪ್ಪನವರು ಮಿತಿಯನ್ನು ಸ್ವಲ್ಪವೇ ದಾಟಿದರು. ಲಗ್ಗೆರೆಗೆ ಬಂದ ಪಾಲಿನಲ್ಲಿ ಹುಡುಗರಿಗೆ ಹಾಲು, ಮೊಟ್ಟೆ, ಮೊಣಕಾಲಿಗೆ ಪಟ್ಟಿ ಬಂದವು. ಸೈಟಿನ ಬಾಡಿಗೆಯೂ ಅದರಲ್ಲೇ ಹೋಯಿತು. ತಂಡ ಸೆಮಿಫೈನಲ್‌ವರೆಗೂ ಹೋಯಿತು. ಮೈದಾನದಲ್ಲಿ ನಿಲ್ಲಲು ಜಾಗವಿರಲಿಲ್ಲ. ರಾಯರು ತಮ್ಮ ಜೇಬಿನಿಂದಲೇ ಮೈಸೂರು ಪಾಕ್ ತರಿಸಿ ಎಲ್ಲರಿಗೂ ಹಂಚಿದರು. ಕಡಲೆಕಾಯಿಯವನಿಗೂ ಒಂದು ತುಂಡು ಸಿಕ್ಕಿತು.

ಎರಡನೆಯ ವರ್ಷ ದಸರಾ ಇನ್ನೂ ಬಂದಿರಲಿಲ್ಲ, ಕೃಷ್ಣಪ್ಪನವರು ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಮೇಲೆ ಒಂದು ಚೆಕ್ ಇಟ್ಟರು. ತೆರಿಗೆ ಕಟ್ಟಬೇಕಾದದ್ದು ಲೀಗು ಮುಗಿದ ಮೇಲೆ. ಇವರು ಶುರುವಾಗುವ ಮೊದಲೇ ತಂದಿದ್ದರು.

“ಈ ಸಲ ಇಷ್ಟಾಗ್ಬಹುದು ಅಂತ ಅಂದಾಜು ಹಾಕ್ಸಿದೀನಿ ಮ್ಯಾನೇಜರೇ. ಕಮ್ಮಿ ಬಿದ್ರೆ ಒಂದು ಫೋನ್ ಮಾಡಿ.”

ನಾನು ಖುಷಿಯಾಗಿ ರಸೀತಿ ಬರೆದೆ. ಇಂಥ ಪ್ರಾಮಾಣಿಕರು ಎಲ್ಲಿ ಸಿಗುತ್ತಾರೆ ಎಂದು ರಾಯರ ಹತ್ತಿರ ಹೊಗಳಿದೆ. ವಾರ ಕಳೆಯುವುದರೊಳಗೆ ಹನುಮಂತಣ್ಣ ಬಂದರು. ಕೂರಿ ಎಂದರೆ ಕೂರಲಿಲ್ಲ. ಲಗ್ಗೆರೆಯ ಇಬ್ಬರು ಒಳ್ಳೆಯ ಕ್ಯಾಚರುಗಳಿಗೆ ಬಸವೇಶ್ವರನಗರದಿಂದ ಮೊಬೈಲಿಗೆ ಕರೆ ಬಂದಿತ್ತು, ಇಬ್ಬರೂ ಹೋಗಿದ್ದರು.

“ಹುಡುಗ್ರು ಹೋಗಿದ್ದಕ್ಕೆ ಅಲ್ಲ ಸಾರ್. ಹೋಗ್ಲಿ, ಅವ್ರಿಗೂ ನಾಕು ಕಾಸು ಸಿಗ್ಲಿ. ಕೇಳೋಕ್ಕೂ ಬರ್ಲಿಲ್ಲ ಅವ್ರು.”

ನಾನು ಕೃಷ್ಣಪ್ಪನವರಿಗೆ ಫೋನ್ ಮಾಡಿದೆ. ಅವರಿಗೆ ನಿಜಕ್ಕೂ ಆಶ್ಚರ್ಯ. “ತೆರಿಗೆ ಕಟ್ಟಿದೀನಲ್ಲ? ಅದು ಅವ್ರಿಗೇ ತಾನೇ ಹೋಗೋದು? ದುಡ್ಡೂ ಕೊಟ್ಟು ಕೈಯೂ ಮುಗೀಬೇಕು ಅಂದ್ರೆ ಹೆಂಗೆ?” ಎಂದರು. ನಾನು ಫೋನಿಟ್ಟು ನಿಯಮದ ಹಾಳೆ ತೆಗೆದು ನೋಡಿದೆ. ಮಣ್ಣು ಕೇಳುವುದು ನಮ್ಮ ನಿಯಮದಲ್ಲಿ ಇರಲಿಲ್ಲ. ತೆರಿಗೆ ಇತ್ತು. ಬೇರೆಯವರ ಹುಡುಗನನ್ನು ಕರೆದುಕೊಂಡು ಹೋಗುವಾಗ ಮೊದಲು ಇದ್ದ ಒಂದು ಅಳುಕನ್ನು ನಮ್ಮ ರಸೀತಿ ತೆಗೆದುಹಾಕಿತ್ತು. ಅದನ್ನು ನೋಡಿ ಬೇರೆ ತಂಡಗಳವರೂ ತಟ್ಟೆ ಬಿಟ್ಟು ಫೋನು ಹಿಡಿದರು.

ಅದೇ ಸುಮಾರಿಗೆ ಮಣ್ಣೂ ಹೋಯಿತು. ಲೀಗಿನ ಪಂದ್ಯಗಳನ್ನು ಮ್ಯಾಟಿನ ಮೇಲೆ ಆಡಿಸಬೇಕೆಂದು ತೀರ್ಮಾನವಾಯಿತು. ನನಗೆ ಕೆಲಸ ಹಗುರವಾಯಿತು. ಸುಣ್ಣ ಬೇಡ, ನೀರು ಬೇಡ, ಮಳೆ ಬಂದರೆ ಸುತ್ತಿ ಒಳಗಿಟ್ಟರೆ ಆಯಿತು. ಮ್ಯಾಟ್ ಕೆಟ್ಟದ್ದು ಎಂದು ಹೇಳುವ ಮುದುಕರ ಸಾಲಿನಲ್ಲಿ ನಾನಿಲ್ಲ. ಅದರಿಂದ ಎಷ್ಟೋ ಮೊಣಕಾಲುಗಳು ಉಳಿದಿವೆ. ಆದರೆ ಅದರ ಮೇಲೆ ಚೆಲ್ಲಲು ಯಾರೂ ಮಣ್ಣು ತರುವಂತಿರಲಿಲ್ಲ. ಬರಿಗಾಲಲ್ಲಿ ಆಡುತ್ತಿದ್ದ ಲಗ್ಗೆರೆಯವರು ಶೂ ಹಾಕಿಕೊಂಡು ಮೊದಲ ಪಂದ್ಯಕ್ಕೆ ಇಳಿದಾಗ ಹೊಸ ಎತ್ತು ಗಾಡಿಗೆ ಕಟ್ಟಿದ ಹಾಗಿತ್ತು ಅವರ ನಡಿಗೆ.

ಮೂರನೆಯ ವರ್ಷದ್ದು ಬಸವರಾಜನ ವಿಚಾರ. ಇದನ್ನು ಬರೆಯುವುದಕ್ಕೇ ನಾನು ಇಷ್ಟೆಲ್ಲ ಪೀಠಿಕೆ ಹಾಕಿದ್ದು. ಅವನಿಗೆ ಮದುವೆಯಾಗಿತ್ತು. ಹೆಂಡತಿಯನ್ನು ಊರಿನಿಂದ ಕರೆತಂದು ಲಗ್ಗೆರೆಯಲ್ಲೇ ಒಂದು ಸಣ್ಣ ಮನೆ ಹಿಡಿಯಬೇಕೆಂದಿದ್ದ. ಅದಕ್ಕಾಗಿ ಕಾರ್ಖಾನೆಯಲ್ಲಿ ಓಟಿ ಮಾಡುತ್ತಿದ್ದ, ಅಭ್ಯಾಸಕ್ಕೆ ಬರಲು ಆಗುತ್ತಿರಲಿಲ್ಲ. ಒಂದು ಭಾನುವಾರ ಹನುಮಂತಣ್ಣನ ಅಂಗಡಿಯಲ್ಲಿ ನಾನು ಕೂತಿದ್ದಾಗ ಬಂದು ನಿಂತ.

“ನಾ ಏನ್ ಭಾಳ ಕೇಳಾಕತ್ತಿಲ್ರಿ ಅಣ್ಣಾರ. ಈ ಸಲ ಸ್ವಲ್ಪ ಜಾಸ್ತಿ ಕೊಟ್ರ ಓಟಿ ಬಿಡ್ತೀನ್ರಿ. ಮುಂಜಾನೆ ದಿನಾ ಅಂಕಣಕ್ಕ ಬರ್ತೀನಿ. ಬಸವೇಶ್ವರನಗರದಾವ್ರು ಕರ್ಯಾಕತ್ತಾರ, ನನಗ ಅಲ್ಲಿ ಹೋಗೋ ಮನಸ್ಸಿಲ್ರಿ.”

ಕೊಡುವ ಮನಸ್ಸು ಹನುಮಂತಣ್ಣನಿಗೆ ಬೇಕಾದಷ್ಟಿತ್ತು. ಆದರೆ ಪಾಲು ಬರತೊಡಗಿದ ಮೇಲೆ ಲಗ್ಗೆರೆಯವರು ಹುಡುಗರಿಗೆ ಕೊಡುವ ಸಂಬಳವೂ ಏರಿ ಮಿತಿಯ ಅಂಚಿಗೆ ಬಂದಿತ್ತು. ಅವನಿಗೆ ಹೆಚ್ಚು ಕೊಟ್ಟರೆ ತಂಡದ ಸಂಬಳ ನಮ್ಮ ಮಿತಿಯನ್ನು ಕೂದಲೆಳೆಯಷ್ಟು ದಾಟುತ್ತಿತ್ತು. ದಾಟಿದರೆ ಲೀಗಿನ ಪಾಲು ಬರುವುದಿಲ್ಲ. ಪಾಲು ಬರದಿದ್ದರೆ ಸೈಟಿನ ಬಾಡಿಗೆ ಕಟ್ಟುವುದು ಹೇಗೆ? ಲೀಗಿನಿಂದ ಬರುತ್ತದಲ್ಲ ಎಂದು ಬೀದಿಯವರು ಕೊಡುವುದನ್ನು ಆಗಲೇ ನಿಲ್ಲಿಸಿದ್ದರು. ಪಾಲು ಬರುವ ಸುದ್ದಿ ಕೇಳಿ ಸೈಟಿನ ಮಾಲೀಕ ಬಾಡಿಗೆಯನ್ನೂ ಏರಿಸಿದ್ದ.

ಬಸವರಾಜ ಹೋದ ಮೇಲೆ ಹನುಮಂತಣ್ಣ ನನ್ನನ್ನು ನೋಡಿ, “ಅವ್ನಿಗೆ ಕೊಟ್ರೆ ಅಂಕಣ ಹೋಗುತ್ತೆ. ಅಂಕಣ ಉಳಿಸ್ಕೊಂಡ್ರೆ ಅವ್ನು ಹೋಗ್ತಾನೆ. ಏನ್ ಮಾಡ್ಲಿ ಹೇಳಿ ಮ್ಯಾನೇಜರ್ ಸಾರ್,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಉತ್ತರ ಕೇಳುತ್ತಿದ್ದರು.

ನಾನು ಅಲ್ಲಿಂದ ನೇರವಾಗಿ ರಾಜಾಜಿನಗರಕ್ಕೆ, ರಾಯರ ಮನೆಗೆ ಹೋದೆ. ಲಗ್ಗೆರೆಗೆ ಮಾತ್ರ ಈ ಒಂದು ವರ್ಷ ಸಡಿಲಿಸಿ ಎಂದು ಬೇಡಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು. “ಒಬ್ಬರಿಗೆ ಸಡಿಲಿಸಿದರೆ ನಾಳೆ ಕೃಷ್ಣಪ್ಪನವರ ಮುಖ ಹೇಗೆ ನೋಡಲಿ? ನಾನು ಸರ್ವಿಸಿನಲ್ಲೇ ಯಾರಿಗೂ ಸಡಿಲಿಸಿದವನಲ್ಲ ನಾಗರಾಜ್,” ಎಂದರು. ಅದು ಸತ್ಯ. ಸತ್ಯವಂತರ ಹತ್ತಿರ ವಾದ ಮಾಡುವುದು ಬಹಳ ಕಷ್ಟ. ನಾನು ಇನ್ನೊಂದು ಸಲ ಕೇಳಲಿಲ್ಲ.

ಲಗ್ಗೆರೆಯವರು ಅಂಕಣವನ್ನು ಉಳಿಸಿಕೊಂಡರು. ಬಸವರಾಜ ಹೊರಟ. ಹೊರಡುವ ಮುಂಚೆ ಅಂಗಡಿಗೆ ಬಂದು, ಮಣ್ಣು ಕೊಡ್ರಿ ಅಣ್ಣಾರ, ಅದಿಲ್ಲದ ಹ್ಯಾಂಗ ಹೋಗ್ಲಿ ಎಂದನಂತೆ. ಹನುಮಂತಣ್ಣ, “ನೀನು ಕೇಳೋ ಹಂಗಿಲ್ಲಪ್ಪ. ಕರ್ಕೊಂಡು ಹೋಗೋರು ಬಂದು ಕೇಳ್ಬೇಕು. ಬರ್ಲಿ, ಹಿಡಿ ಏನು, ಬಾಂಡ್ಲಿ ತುಂಬಾ ಕೊಟ್ಟು ಕಳಿಸ್ತೀನಿ,” ಎಂದರಂತೆ. ಈ ಮಾತು ನನ್ನ ಕಿವಿಗೆ ಬಿದ್ದು, ನಾನು ಕೃಷ್ಣಪ್ಪನವರ ಆಫೀಸಿಗೆ ಹೋಗಿ ಕೂತೆ. ನಾಳೆ ಬೆಳಿಗ್ಗೆ ಒಂದು ಗಳಿಗೆ ಹೋಗಿ ಬನ್ನಿ, ಎಲೆ ಅಡಿಕೆ ನಾನೇ ತರುತ್ತೇನೆ ಎಂದೆ.

“ನೀವೇ ರೂಲ್ ಮಾಡಿದ್ರಿ. ನಾನು ಒಂದು ಪೈಸಾ ಬಿಡದೆ ಕಟ್ಟಿದೀನಿ. ಈಗ ನಾನೇನೋ ಕದ್ದವ್ನ ಥರ ಹೋಗಿ ನಿಂತ್ಕೋಬೇಕಾ?” ಎಂದರು ಅವರು. ಆಮೇಲೆ ದನಿ ಇಳಿಸಿ, “ನಾಳೆ ಒಂದು ಸೈಟಿನ ರಿಜಿಸ್ಟ್ರೇಷನ್ ಇದೆ. ಆದ್ರೆ ನೋಡೋಣ,” ಎಂದರು.

ಮರುದಿನ ಬೆಳಿಗ್ಗೆ ನಾನು ಲಗ್ಗೆರೆಗೆ ಹೋದೆ. ಹನುಮಂತಣ್ಣ ಅಂಕಣವನ್ನು ಗುಡಿಸಿ, ನೀರು ಚಿಮುಕಿಸಿ, ಒಗೆದ ಅಂಗಿ ಹಾಕಿಕೊಂಡು ಗೆರೆಯ ಒಳಗೆ ನಿಂತಿದ್ದರು. ಬಸವರಾಜನೂ ಬಂದಿದ್ದ. ಒಂದು ಲೋಟ ಹೆಚ್ಚಿಗೆ ಇರಲಿ ಎಂದು ಕಾಫಿಗೆ ಹೇಳಿ ಕಳಿಸಿದ್ದರು. ಕಾರಿನ ಸದ್ದಾದಾಗಲೆಲ್ಲ ಮೂವರೂ ರಸ್ತೆ ನೋಡುತ್ತಿದ್ದೆವು. ಕಾರ್ಖಾನೆಯ ಸೈರನ್ ಕೂಗಿತು. ಬಸವರಾಜ ಹನುಮಂತಣ್ಣನ ಕಾಲು ಮುಟ್ಟಿ ಶಿಫ್ಟಿಗೆ ಹೋದ. ಹನುಮಂತಣ್ಣ ಆ ಹೆಚ್ಚಿನ ಲೋಟದ ಕಾಫಿಯನ್ನು ನನಗೇ ಕುಡಿಸಿದರು. ಆರಿ ಹೋಗಿತ್ತು.

ಆ ವರ್ಷ ಫೈನಲಿಗೆ ಬಂದ ತಂಡಗಳು ಯಾವುವು ಗೊತ್ತೆ? ಬಸವೇಶ್ವರನಗರ ಮತ್ತು ಲಗ್ಗೆರೆ. ಓದುತ್ತಿರುವ ಮಕ್ಕಳು ಇದನ್ನು ಗಮನಿಸಬೇಕು. ತೆರಿಗೆ ತನ್ನ ಕೆಲಸ ಮಾಡಿತ್ತು. ಪಾಲು ಬರತೊಡಗಿದ ಮೇಲೆ ಲಗ್ಗೆರೆಯ ತಂಡವನ್ನು ನಡೆಸಲು ಮುಂದೆ ಬಂದಿದ್ದ ಬೀದಿಯ ಯುವಕರು, ಹನುಮಂತಣ್ಣ ಬೇಡವೆಂದರೂ ಕೇಳದೆ, ಉಳಿದ ಪಾಲಿನಲ್ಲಿ ಬೇರೆ ಊರುಗಳಿಂದ ವಯಸ್ಸಾದ ಪಳಗಿದ ಆಟಗಾರರನ್ನು ಮಿತಿಯೊಳಗೇ ತಂದಿದ್ದರು. ಅವರಿಗೆ ಅಭ್ಯಾಸ ಬೇಕಿರಲಿಲ್ಲ, ಪಂದ್ಯದ ದಿನ ಬಸ್ಸಿಳಿದು ಆಡಿ ಹೋಗುತ್ತಿದ್ದರು. ಜಾಗ ಸಿಗದ ಲಗ್ಗೆರೆಯ ಹುಡುಗರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಉಳಿಸಿಕೊಂಡ ಅಂಕಣದಲ್ಲಿ ಹುಲ್ಲು ಎದ್ದಿತ್ತು.

ಪಂದ್ಯ ಮಾತ್ರ ನಾನು ನೋಡಿದ ಪಂದ್ಯಗಳಲ್ಲೇ ಚೆನ್ನಾದದ್ದು. ಕೊನೆಯ ರೈಡಿನವರೆಗೂ ಸಮಸಮ. ಆ ರೈಡಿಗೆ ಬಂದವನು ಬಸವರಾಜ, ಕೃಷ್ಣಪ್ಪನವರ ತಂಡದ ಬನಿಯನ್ ಹಾಕಿಕೊಂಡು. ಅಭ್ಯಾಸ ಬಲದಿಂದ ಬಗ್ಗಿ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ಕೈಗೆ ಸಿಕ್ಕಿದ್ದು ಮ್ಯಾಟು. ಎದುರು ನಿಂತವರಲ್ಲಿ ಒಬ್ಬರಿಗೂ ಅವನ ಹೆಸರು ಗೊತ್ತಿರಲಿಕ್ಕಿಲ್ಲ. ಅವರು ಅವನ ಕಣಕಾಲು ಹಿಡಿದು ಕೆಡವಿದರು. ಲಗ್ಗೆರೆ ಗೆದ್ದಿತು. ಜನ ಕುಣಿದರು. ರಾಯರು ನನ್ನ ಕೈ ಒತ್ತಿ, “ನೋಡಿದಿರಾ ನಾಗರಾಜ್, ನಮಗೆ ಬೇಕಾಗಿದ್ದು ಇದೇ,” ಎಂದರು.

ಕಪ್ಪು ತೆಗೆದುಕೊಳ್ಳಲು ಹನುಮಂತಣ್ಣನನ್ನು ಮೈಕಿನಲ್ಲಿ ಕರೆದೆ. ಬರಲಿಲ್ಲ. ಮತ್ತೆ ಕರೆದೆ. ಅವರು ಸೋತವರ ಬೆಂಚಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಸವರಾಜನ ಊದಿದ ಕಾಲಿಗೆ ಐಸು ಒತ್ತುತ್ತಿದ್ದರು. ನಾನೇ ಹೋಗಿ ಕರೆದಾಗ ತಲೆ ಎತ್ತದೆ, “ನಮ್ಮ ಹುಡುಗ ಇವ್ನೊಬ್ಬನೇ ಸಾರ್ ಇಲ್ಲಿ ಇರೋದು. ಕಪ್ಪು ಅವ್ರಿಗೇ ಕೊಟ್ಬಿಡಿ, ಬಸ್ಸಿಗೆ ಹೊತ್ತಾಗುತ್ತೆ,” ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸ್ಕೋರ್ ಬೋರ್ಡಿನ ಹಿಂದೆ ಹೋಗಿ ಕಣ್ಣು ಒರೆಸಿಕೊಂಡೆ.

ಮುಂದಿನ ವರ್ಷ ಸೈಟಿನ ಮಾಲೀಕ ಕಟ್ಟಡ ಎಬ್ಬಿಸಿದ. ಬೇಡವೆನ್ನಲು ಅಲ್ಲಿ ಆಡುವವರು ಯಾರಿದ್ದರು? ತಂಡದ ಹೆಸರು ಇನ್ನೊಂದು ವರ್ಷ ಪಟ್ಟಿಯಲ್ಲಿ ಇತ್ತು, ಆಮೇಲೆ ಅದೂ ಹೋಯಿತು. ರಾಯರಿಗೆ ಎಲ್ಲ ತಡವಾಗಿ ಅರ್ಥವಾಯಿತು. ಹಾಸಿಗೆ ಹಿಡಿದಿದ್ದಾಗ ನೋಡಲು ಹೋದರೆ ಆ ವಿಷಯವನ್ನೇ ತೆಗೆದರು. “ತೆರಿಗೆ ಹಾಕಿದರೆ ಜನ ಹಿಂಜರೀತಾರೆ ಅಂದುಕೊಂಡಿದ್ದೆ ಕಣ್ರೀ. ಹಿಂಜರಿಯೋದು ಬೇಕಿಲ್ಲ ಅಂತ ರಸೀತಿ ಕೊಟ್ಟ ಹಾಗಾಯಿತು,” ಎಂದರು. ನಿಮ್ಮ ತಪ್ಪಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ಅವರು ಸುಳ್ಳನ್ನು ಸಹಿಸುವವರಲ್ಲ. ಅವರ ಕೈ ಹಿಡಿದು ಕೂತೆ. ಅವರು ಈಗಿಲ್ಲ.

ಆದ್ದರಿಂದ ಆ ಇಬ್ಬರು ಮಕ್ಕಳಿಗೆ ನನ್ನ ಉತ್ತರ ಇದು. ಪಂದ್ಯ ಸಮವಾಗುತ್ತದೆ. ನಮ್ಮಲ್ಲೂ ಆಯಿತು, ಸುಳ್ಳು ಹೇಳಲಾರೆ. ಬೇಸ್‌ಬಾಲಿನವರ ಕಥೆ ನನಗೆ ತಿಳಿಯದು, ಅಲ್ಲಿ ಎಲ್ಲವೂ ಒಳ್ಳೆಯದೇ ಆಗಿರಬಹುದು. ಆದರೆ ಒಂದು ನಿಯಮ ಬರೆಯುವ ಮುಂಚೆ, ಬರೆಯದೇ ಇರುವ ನಿಯಮ ಅಲ್ಲಿ ಯಾವುದು ನಡೆಯುತ್ತಿದೆ ಎಂದು ಒಂದು ಬೆಳಿಗ್ಗೆ ಹೋಗಿ ನಿಂತು ನೋಡಿ. ನಾನು ನೋಡಿದ್ದೆ. ನೋಡಿಯೂ ಎಣಿಕೆಗೆ ತೆಗೆದುಕೊಳ್ಳಲಿಲ್ಲ.

ನಾನು ನಿವೃತ್ತನಾದ ಮೇಲಿನ ಮಾತು. ಒಂದು ಬೆಳಿಗ್ಗೆ ಕೃಷ್ಣಪ್ಪನವರು ನಮ್ಮ ಮನೆಗೆ ಬಂದರು. ಸೊರಗಿದ್ದರು. ಅವರಿಗಿಂತ ಹತ್ತು ಪಾಲು ದೊಡ್ಡ ಕಂಪನಿಯೊಂದು ಹೊಸ ತಂಡ ಕಟ್ಟಲು ಬಂದು, ಬಸವರಾಜನೂ ಸೇರಿ ಅವರ ಆಟಗಾರರನ್ನೆಲ್ಲ ಕರೆದುಕೊಂಡು ಹೋಗಿತ್ತು.

“ಒಂದು ಫೋನೂ ಮಾಡ್ಲಿಲ್ಲ ಮ್ಯಾನೇಜರೇ. ನನ್ನ ಮನೇಲಿ ಉಂಡ ಹುಡುಗ್ರು. ಪೇಪರಲ್ಲಿ ನೋಡಿ ನನಗೆ ಗೊತ್ತಾಯ್ತು,” ಎಂದರು. ಕಾರಿನ ಸೀಟಿನ ಮೇಲೆ ತಟ್ಟೆಯೊಂದು ಇತ್ತು, ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. “ನಡೀರಿ, ಲಗ್ಗೆರೆಗೆ ಹೋಗ್ಬರೋಣ. ಒಬ್ನೇ ಹೋಗೋಕೆ ಮುಖ ಇಲ್ಲ ನಂಗೆ.”

ಹನುಮಂತಣ್ಣ ಒಂದು ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದರು. ನಮ್ಮನ್ನು ನೋಡಿ ಕರಿಗಾಜಿನ ಮುಖವಾಡ ತೆಗೆದರು. ಕೃಷ್ಣಪ್ಪನವರು ಚಪ್ಪಲಿ ಬಿಟ್ಟು ಅಂಗಡಿಯ ಹೊಸ್ತಿಲಾಚೆಯೇ ನಿಂತರು.

“ಬಸವರಾಜನ್ನ ಅವತ್ತು ಕೇಳ್ಬೇಕಿತ್ತು ಹನುಮಂತಣ್ಣ. ಈಗ ಕೇಳ್ತಾ ಇದೀನಿ.”

ಹನುಮಂತಣ್ಣ ಒಳಗೆ ಹೋಗಿ ಕೈ ತೊಳೆದು ಬಂದು ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡರು. “ಈಗ ಎಲ್ಲಿದಾನೆ ಸಾರ್ ಅವ್ನು?” ಎಂದು ಕೇಳಿದರು. ಆ ಕಂಪನಿ ಅವನನ್ನು ಯಾವ ಊರಿನಲ್ಲಿ ಇಟ್ಟಿದೆ ಎಂದು ಕೃಷ್ಣಪ್ಪನವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಮೂವರೂ ಎದುರಿನ ಕಟ್ಟಡದ ಕಡೆ ನೋಡಿದೆವು. ಗೋಡೆಯಿಂದ ರಸ್ತೆಯವರೆಗೂ ಸಿಮೆಂಟು, ಅದರ ಮೇಲೆ ಸ್ಕೂಟರುಗಳು. ಹನುಮಂತಣ್ಣ ರಸ್ತೆ ದಾಟಿ ಹೋಗಿ ಗೋಡೆಯ ಬುಡದಲ್ಲಿ, ಮೋರಿಯ ಅಂಚಿನಲ್ಲಿ ಬಗ್ಗಿ ಬಗ್ಗಿ ಹುಡುಕಿ ವಾಪಸು ಬಂದರು.

“ಕೊಡೋ ಮನಸ್ಸಿದೆ ಸಾರ್. ಮಣ್ಣೇ ಇಲ್ಲ,” ಎಂದರು.

ಕೃಷ್ಣಪ್ಪನವರು ಕಟ್ಟಿಕೊಂಡು ಹೋಗಲೆಂದು ತಂದಿದ್ದ ಬಿಳಿ ಬಟ್ಟೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ಹನುಮಂತಣ್ಣ ಮೂರು ಕಾಫಿಗೆ ಹೇಳಿ ಕಳಿಸಿದರು.